ರಾಶಿ ಕಣದಲ್ಲಿರುವಾಗಲೇ ಮಾಡಬೇಕಾದ ಲೆಕ್ಕ: ಬೆಲೆಯೇರಿಕೆಯ ಕಾಲದಲ್ಲಿ ಧಾನ್ಯ ಮಾರುವ ರೈತರಿಗೊಂದು ಕೈಪಿಡಿ

ದೇಶದ ಚಿಲ್ಲರೆ ಹಣದುಬ್ಬರ ಶೇ 0.25ಕ್ಕೆ ಇಳಿದಿದೆ, ಆಹಾರ ಪದಾರ್ಥಗಳ ಬೆಲೆಯಂತೂ ಹಿಂದಿನ ವರ್ಷಕ್ಕಿಂತ ಶೇ 5ರಷ್ಟು ಕಡಿಮೆಯಾಗಿದೆ ಎಂಬ ಸುದ್ದಿ 2025ರ ನವೆಂಬರ್ 12ರಂದು ಬಂದಿತು. ಪಟ್ಟಣದ ಮನೆಗಳಿಗೆ ಅದು ಒಳ್ಳೆಯ ಸುದ್ದಿಯೇ. ಆದರೆ ಅದೇ ವಾರಗಳಲ್ಲಿ ಹಾವೇರಿ, ಗದಗ, ದಾವಣಗೆರೆ ಕಡೆಯ ರೈತರು ಮೆಕ್ಕೆಜೋಳದ ರಾಶಿಯನ್ನು ರಸ್ತೆಯಲ್ಲಿ ಹರಡಿಕೊಂಡು ಕುಳಿತಿದ್ದರು. ಕ್ವಿಂಟಲ್‌ಗೆ 2,400 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿದ್ದರೂ ಮಾರುಕಟ್ಟೆಯಲ್ಲಿ ದರ 1,600ರಿಂದ 1,800ರ ಆಸುಪಾಸಿನಲ್ಲಿ ನಿಂತಿತ್ತು. ಧರಣಿಗಳಾದವು, ಮುಖ್ಯಮಂತ್ರಿಗಳು ಪ್ರಧಾನಿಗೆ ಪತ್ರ ಬರೆದರು. ಹಣದುಬ್ಬರ ಇಳಿದ ಸುದ್ದಿಯೂ ರೈತರ ಧರಣಿಯೂ ಪತ್ರಿಕೆಯ ಬೇರೆ ಬೇರೆ ಪುಟಗಳಲ್ಲಿ ಅಚ್ಚಾದವು. ಆದರೆ ಎರಡೂ ಒಂದೇ ಸುದ್ದಿಯ ಎರಡು ಮುಖಗಳು. ಧಾನ್ಯ ಮಾರುವವನು ಮೊದಲು ತಿಳಿಯಬೇಕಾದದ್ದು ಇದನ್ನೇ.

ಬೆಲೆ ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ಈ ಬರಹ ಭವಿಷ್ಯ ಹೇಳುವುದಿಲ್ಲ. ದರ ನಮ್ಮ ಕೈಯಲ್ಲಿಲ್ಲ. ನಮ್ಮ ಕ್ವಿಂಟಲ್‌ಗೆ ಬಿದ್ದ ಖರ್ಚು ಎಷ್ಟು, ಕಾದರೆ ತಗಲುವ ವೆಚ್ಚ ಎಷ್ಟು, ಯಾವ ದರಕ್ಕೆ ಎಷ್ಟು ಚೀಲ ಬಿಡಬೇಕು ಎಂಬ ಲೆಕ್ಕ ಮಾತ್ರ ಪೂರ್ತಿ ನಮ್ಮ ಕೈಯಲ್ಲಿದೆ. ಆ ಲೆಕ್ಕವನ್ನು ಚೀಲ ಲಾರಿಗೆ ಏರುವ ಮೊದಲೇ ಮಾಡುವುದು ಹೇಗೆ ಎಂಬುದನ್ನು ಮೆಕ್ಕೆಜೋಳವನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು, ತೊಗರಿ, ರಾಗಿಗಳನ್ನೂ ಅಲ್ಲಲ್ಲಿ ತಂದು ಇಲ್ಲಿ ವಿವರಿಸುತ್ತೇನೆ.

ಪತ್ರಿಕೆಯ ಹಣದುಬ್ಬರ ಬೇರೆ, ಹೊಲದ ಹಣದುಬ್ಬರ ಬೇರೆ

ಪ್ರತಿ ತಿಂಗಳು 12ರ ಹೊತ್ತಿಗೆ ಕೇಂದ್ರದ ಸಾಂಖ್ಯಿಕ ಇಲಾಖೆ ಪ್ರಕಟಿಸುವ ಗ್ರಾಹಕ ಬೆಲೆ ಸೂಚ್ಯಂಕ ಕೊಳ್ಳುವವನ ಬುಟ್ಟಿಯ ಲೆಕ್ಕ. ಒಂದು ವರ್ಷದಲ್ಲಿ ಅದು ಶೇಕಡಾ ಎಷ್ಟು ಏರಿತು ಎಂಬುದೇ ಚಿಲ್ಲರೆ ಹಣದುಬ್ಬರ. 2012ನ್ನು ಆಧಾರ ವರ್ಷವಾಗಿಟ್ಟ ಸರಣಿಯಲ್ಲಿ ಆ ಬುಟ್ಟಿಯ ಶೇ 45.86 ಭಾಗ ಆಹಾರ ಮತ್ತು ಪಾನೀಯದ್ದೇ ಆಗಿತ್ತು. ಅಂದರೆ ಅಕ್ಕಿ, ಬೇಳೆ, ತರಕಾರಿಯ ಬೆಲೆ ಬಿದ್ದರೆ ಹಣದುಬ್ಬರವೂ ಬೀಳುತ್ತದೆ. ನಾವು ಮಾರುವ ವಸ್ತು ಆ ಬುಟ್ಟಿಯೊಳಗಿದೆ, ನಾವು ಹೊಲಕ್ಕೆಂದು ಕೊಳ್ಳುವ ಬಹಳಷ್ಟು ವಸ್ತುಗಳು ಅದರ ಹೊರಗಿವೆ. ಬಿತ್ತನೆ ಬೀಜದ ಚೀಲ, ಕಳೆನಾಶಕ, ಟ್ರ್ಯಾಕ್ಟರ್ ಬಾಡಿಗೆ, ಒಕ್ಕುವ ಯಂತ್ರದವನಿಗೆ ಕೊಡುವ ಹಣ, ತೆನೆ ಮುರಿಯುವ ಆಳಿನ ಕೂಲಿ ಇವೆಲ್ಲ ಅಲ್ಲಿ ಸಿಗುವುದಿಲ್ಲ. ಹೀಗಾಗಿ ಹಣದುಬ್ಬರ ಇಳಿದ ವರ್ಷವೇ ರೈತನಿಗೆ ಬಿಗಿಯಾದ ವರ್ಷವಾಗಿರುವ ಸಾಧ್ಯತೆ ಹೆಚ್ಚು.

ಹೊಲದ ಖರ್ಚುಗಳೂ ಒಂದೇ ವೇಗದಲ್ಲಿ ಏರುವುದಿಲ್ಲ. 45 ಕಿಲೋ ಯೂರಿಯಾ ಚೀಲಕ್ಕೆ 266 ರೂಪಾಯಿ 50 ಪೈಸೆ, ಡಿಎಪಿ ಚೀಲಕ್ಕೆ 1,350 ರೂಪಾಯಿ ಎಂಬ ದರಗಳು ಸಹಾಯಧನದ ಬಲದಿಂದ ಹಲವು ವರ್ಷ ಕದಲದೆ ನಿಂತಿವೆ. ಆದರೆ ಕೂಲಿ ನಿಂತಿಲ್ಲ. ಉದ್ಯೋಗ ಖಾತ್ರಿಯ ದಿನಗೂಲಿಯನ್ನು ಕೃಷಿ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ ನೋಡಿ ಪರಿಷ್ಕರಿಸುತ್ತಿದ್ದರು. ಕರ್ನಾಟಕದಲ್ಲಿ ಅದು 2023-24ರಲ್ಲಿ 316 ರೂಪಾಯಿ, 2024-25ರಲ್ಲಿ 349, 2025-26ರಲ್ಲಿ 370 ಆಯಿತು. ಎರಡು ವರ್ಷಕ್ಕೆ ಸುಮಾರು ಶೇ 17 ಏರಿಕೆ. ತೆನೆ ಮುರಿಯುವ ಹಂಗಾಮಿನಲ್ಲಿ ಆಳು ಕೇಳುವ ಕೂಲಿ ಇದಕ್ಕಿಂತ ಮೇಲೆಯೇ ಇರುತ್ತದೆ. ಸರ್ಕಾರದ ಸೂಚ್ಯಂಕಗಳಲ್ಲಿ ಯಾವುದಾದರೂ ಒಂದನ್ನೇ ಹಿಡಿಯುವುದಾದರೆ ರೈತನಿಗೆ ಹತ್ತಿರದ್ದು ಈ ಕೃಷಿ ಕಾರ್ಮಿಕರ ಸೂಚ್ಯಂಕವೇ. ಅದಕ್ಕಿಂತ ಹತ್ತಿರದ್ದು ನಿಮ್ಮ ಮನೆಯ ಖರ್ಚಿನ ಪುಸ್ತಕ.

ಒಂದು ಕ್ವಿಂಟಲ್‌ಗೆ ಬಿದ್ದ ಖರ್ಚು

ಇನ್ನೂರು ಪುಟದ ಒಂದು ನೋಟ್‌ಪುಸ್ತಕ ಸಾಕು. ಉಳುಮೆಯ ದಿನದಿಂದ ಚೀಲ ಹೊಲಿಯುವ ದಿನದವರೆಗೆ ಕೈಬಿಟ್ಟ ಪ್ರತಿ ರೂಪಾಯಿಯನ್ನೂ ಅದೇ ದಿನ ರಾತ್ರಿ ಬರೆಯಬೇಕು. ತಿಂಗಳ ಕೊನೆಗೆ ನೆನಪಿಸಿಕೊಂಡು ಬರೆಯುವ ಲೆಕ್ಕದಲ್ಲಿ ಸಣ್ಣ ಖರ್ಚುಗಳು ತಪ್ಪಿಹೋಗುತ್ತವೆ, ಆಳುಗಳ ಚಹಾ, ತಿಂಡಿ, ಡೀಸೆಲ್ ತರಲು ಪೇಟೆಗೆ ಹೋದ ಬಸ್ಸಿನ ಹಣ ಎಲ್ಲವೂ.

ಲೆಕ್ಕದ ರೀತಿ ತಿಳಿಯಲೆಂದು ಮಳೆಯಾಶ್ರಿತ ಮೆಕ್ಕೆಜೋಳದ ಒಂದು ಎಕರೆಯನ್ನು ತೆಗೆದುಕೊಳ್ಳೋಣ. ಈ ಅಂಕಿಗಳ ಜಾಗದಲ್ಲಿ ನಿಮ್ಮವನ್ನು ಹಾಕಿಕೊಳ್ಳಿ. ಬೀಜಕ್ಕೆ 2,800, ಉಳುಮೆ, ಹರಗುವಿಕೆ, ಬಿತ್ತನೆಗೆ 4,500, ಗೊಬ್ಬರಕ್ಕೆ 2,700, ಕಳೆನಾಶಕ ಮತ್ತು ಔಷಧಿಗೆ 2,000, ಕೂಲಿಗೆ 8,000, ಒಕ್ಕಣೆಗೆ 2,500, ಚೀಲ, ಸಾಗಣೆ, ಹಮಾಲಿಗೆ 2,500 ರೂಪಾಯಿ. ಒಟ್ಟು 25,000. ಎಕರೆಗೆ 18 ಕ್ವಿಂಟಲ್ ಬಂದರೆ ಕ್ವಿಂಟಲ್‌ಗೆ ಬಿದ್ದದ್ದು 1,389 ರೂಪಾಯಿ. ಬಹಳ ಜನ ಇಲ್ಲಿಗೇ ನಿಲ್ಲುತ್ತಾರೆ. ಆದರೆ ಗಂಡ ಹೆಂಡತಿ ಮಕ್ಕಳು ಹೊಲದಲ್ಲಿ ದುಡಿದ ದಿನಗಳಿಗೆ ಊರಿನ ಕೂಲಿಯಂತೆ 5,000 ಸೇರಿಸಿದರೆ ಅದು 1,667 ಆಗುತ್ತದೆ. ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಕೊಟ್ಟಿದ್ದರೆ ಬರುತ್ತಿದ್ದ ಹಣ, ಇಲ್ಲವೇ ಲಾವಣಿಗೆ ಮಾಡಿದವರು ಕೊಟ್ಟ ಹಣ 9,000 ಎಂದು ಹಿಡಿದರೆ 2,167ಕ್ಕೆ ಏರುತ್ತದೆ.

ಈ ಮೂರೂ ಅಂಕಿಗಳನ್ನು ಪುಸ್ತಕದಲ್ಲಿ ಒಂದರ ಕೆಳಗೆ ಒಂದು ಬರೆದುಕೊಳ್ಳಿ. ಮೊದಲನೆಯದಕ್ಕಿಂತ ಕೆಳಗೆ ಮಾರಿದರೆ ಕೈಯಿಂದ ಹಣ ಹೋಯಿತು. ಎರಡನೆಯದಕ್ಕಿಂತ ಕೆಳಗೆ ಮಾರಿದರೆ ಮನೆಮಂದಿ ಬಿಟ್ಟಿ ದುಡಿದಂತಾಯಿತು. ಕೇಂದ್ರದ ಕೃಷಿ ವೆಚ್ಚ ಮತ್ತು ಬೆಲೆ ಆಯೋಗವೂ ಬೆಂಬಲ ಬೆಲೆಗೆ ಕೈಖರ್ಚು ಮತ್ತು ಮನೆಮಂದಿಯ ದುಡಿಮೆ ಸೇರಿದ ಎರಡನೆಯ ಬಗೆಯ ವೆಚ್ಚವನ್ನೇ ಹಿಡಿಯುತ್ತದೆ. 2025-26ಕ್ಕೆ ಮೆಕ್ಕೆಜೋಳದ ಆ ವೆಚ್ಚವನ್ನು ದೇಶದ ಸರಾಸರಿಯಾಗಿ 1,508 ರೂಪಾಯಿ ಎಂದು ಹಿಡಿದು 2,400 ನಿಗದಿ ಮಾಡಲಾಯಿತು. ನಿಮ್ಮ ಹೊಲದ ವೆಚ್ಚ ಆ ಸರಾಸರಿಗಿಂತ ಎಷ್ಟು ಮೇಲಿದೆ, ಎಷ್ಟು ಕೆಳಗಿದೆ ಎಂಬುದು ಪುಸ್ತಕ ಬರೆದಿದ್ದರೆ ಮಾತ್ರ ಗೊತ್ತಾಗುತ್ತದೆ. ಮಳೆ ಕೈಕೊಟ್ಟು ಅದೇ ಎಕರೆಗೆ 12 ಕ್ವಿಂಟಲ್ ಬಂದರೆ ಬರೀ ಕೈಖರ್ಚೇ ಕ್ವಿಂಟಲ್‌ಗೆ 2,083 ರೂಪಾಯಿ ಬೀಳುತ್ತದೆ ಎಂಬುದನ್ನೂ ಗಮನಿಸಿ. ಇಳುವರಿ ಕುಸಿದ ವರ್ಷ ದರ ಸ್ವಲ್ಪ ಏರಿದರೂ ರೈತನಿಗೆ ಏನೂ ಉಳಿಯದಿರುವುದಕ್ಕೆ ಕಾರಣ ಇದೇ.

ಇದೇ ಪುಸ್ತಕದಿಂದ ನಿಮ್ಮ ಹೊಲದ ಹಣದುಬ್ಬರವೂ ಹೊರಡುತ್ತದೆ. ಮೇಲಿನ ಲೆಕ್ಕದಲ್ಲಿ ಕೂಲಿಯ ಪಾಲು 25,000ದಲ್ಲಿ 8,000, ಅಂದರೆ ಶೇ 32. ಕೂಲಿ ಶೇ 10 ಏರಿದರೆ ಒಟ್ಟು ಖರ್ಚು ಶೇ 3.2 ಏರುತ್ತದೆ. ಗೊಬ್ಬರ ಶೇ 10 ಏರಿದರೆ ಒಟ್ಟು ಖರ್ಚಿನಲ್ಲಿ ಆಗುವ ಏರಿಕೆ ಶೇ 1ಕ್ಕಿಂತ ತುಸು ಮೇಲೆ ಅಷ್ಟೆ. ಯಾವ ಖರ್ಚಿನ ಮೇಲೆ ಕಣ್ಣಿಡಬೇಕು ಎಂಬುದನ್ನು ಈ ಪಾಲೇ ಹೇಳುತ್ತದೆ.

ಹಳೆಯ ದರದ ಜೊತೆ ಇಂದಿನ ದರವನ್ನು ಹೋಲಿಸುವ ಬಗೆ

"ಹತ್ತು ವರ್ಷದ ಹಿಂದೆ 1,300 ಇತ್ತು, ಈಗ 1,700 ಇದೆ, ಏರಿದೆಯಲ್ಲ" ಎನ್ನುವ ಮಾತನ್ನು ಅಡತಿ ಅಂಗಡಿಯ ಕಟ್ಟೆಯ ಮೇಲೆ ಕೇಳದ ರೈತರಿಲ್ಲ. ಆ ಮಾತಿನಲ್ಲಿ ರೂಪಾಯಿಯ ಬೆಲೆ ಕುಗ್ಗಿದ ಸಂಗತಿ ಬಿಟ್ಟುಹೋಗಿದೆ. ಹಳೆಯ ದರವನ್ನು ಇಂದಿನ ಸೂಚ್ಯಂಕದಿಂದ ಗುಣಿಸಿ, ಅಂದಿನ ಸೂಚ್ಯಂಕದಿಂದ ಭಾಗಿಸಿದರೆ ನಿಜ ತಿಳಿಯುತ್ತದೆ. 2014-15ರಲ್ಲಿ ಮೆಕ್ಕೆಜೋಳದ ಬೆಂಬಲ ಬೆಲೆ 1,310 ರೂಪಾಯಿ. ಆ ವರ್ಷ ಗ್ರಾಹಕ ಬೆಲೆ ಸೂಚ್ಯಂಕ ಸರಾಸರಿ ಸುಮಾರು 119 ಇತ್ತು, 2025ರ ಅಕ್ಟೋಬರ್‌ನಲ್ಲಿ ಸುಮಾರು 197. ಗುಣಿಸಿ ಭಾಗಿಸಿದರೆ ಸುಮಾರು 2,169 ರೂಪಾಯಿ ಬರುತ್ತದೆ. ಅಂದು 1,310 ರೂಪಾಯಿಗೆ ಮನೆಗೆ ಬರುತ್ತಿದ್ದ ಸಾಮಾನು ಇಂದು ಬರಬೇಕಾದರೆ ಕ್ವಿಂಟಲ್‌ಗೆ 2,169 ಸಿಗಬೇಕು. ಕಾಗದದ ಮೇಲಿನ 2,400 ಅದಕ್ಕಿಂತ ಮೇಲಿದೆ. ಕಣದಲ್ಲಿ ಸಿಕ್ಕ 1,700 ಬಹಳ ಕೆಳಗಿದೆ. ಬೆಂಬಲ ಬೆಲೆ ಏರಿದ್ದರಿಂದ ರೈತನ ಬಾಳು ಸುಧಾರಿಸಿತು ಎನ್ನುವ ಮಾತನ್ನು ಅಳೆಯಬೇಕಾದದ್ದು ಈ ಎರಡರ ನಡುವಿನ ಅಂತರದಲ್ಲಿ.

ಒಂದು ಎಚ್ಚರಿಕೆ. ಸೂಚ್ಯಂಕದ ಆಧಾರ ವರ್ಷ ಬದಲಾದರೆ ಹೊಸ ಸರಣಿಯ ಅಂಕಿಯನ್ನು ಹಳೆಯ ಸರಣಿಯ ಅಂಕಿಯ ಜೊತೆ ನೇರವಾಗಿ ಹೋಲಿಸಬಾರದು. ಎರಡನ್ನೂ ಕೂಡಿಸುವ ಗುಣಕವನ್ನು ಇಲಾಖೆಯೇ ಕೊಡುತ್ತದೆ, ಅದನ್ನು ಬಳಸಬೇಕು.

ತೇವಾಂಶ: ಒಣಗಿಸುವ ಮುನ್ನ ಒಂದು ಗುಣಾಕಾರ

ವ್ಯಾಪಾರಿ ರಾಶಿಯೊಳಗೆ ಮೊಣಕೈವರೆಗೆ ಕೈಹಾಕಿ ಒಂದು ಹಿಡಿ ಕಾಳು ತೆಗೆದು, ಒಂದನ್ನು ಹಲ್ಲಿನಿಂದ ಕಚ್ಚಿ ನೋಡುತ್ತಾನೆ. ಕಟಕ್ಕೆಂದು ಒಡೆದರೆ ಸುಮ್ಮನಿರುತ್ತಾನೆ, ಹಲ್ಲಿಗೆ ಮೆತ್ತಗೆ ಸಿಕ್ಕರೆ "ಹಸಿ ಐತಿ" ಎಂದು ಐವತ್ತು ನೂರು ಇಳಿಸುತ್ತಾನೆ. ಆ ಕಚ್ಚುವಿಕೆಯಲ್ಲಿ ಅನುಭವವಿದೆ, ಆದರೆ ಅಂಕಿಯಿಲ್ಲ. ತೇವಾಂಶ ಅಳೆಯುವ ಯಂತ್ರ ಈಗ ಮಾರುಕಟ್ಟೆ ಸಮಿತಿಗಳಲ್ಲೂ ಹಲವು ರೈತ ಉತ್ಪಾದಕ ಸಂಸ್ಥೆಗಳಲ್ಲೂ ಇದೆ. ಮನೆಯಿಂದ ಹೊರಡುವ ಮೊದಲೇ ರಾಶಿಯ ಮೇಲೆ, ನಡುವೆ, ತಳದಲ್ಲಿ ತೆಗೆದ ಮೂರು ಮಾದರಿಗಳನ್ನು ಅಳೆಸಿ, ಅಂಕಿಯನ್ನು ಬರೆದುಕೊಂಡು ಹೋಗಿ.

ಬೆಂಬಲ ಬೆಲೆಯ ಖರೀದಿಯಲ್ಲಿ ಮೆಕ್ಕೆಜೋಳಕ್ಕೆ ಶೇ 14, ಭತ್ತಕ್ಕೆ ಶೇ 17, ರಾಗಿ ಮತ್ತು ತೊಗರಿಗೆ ಶೇ 12ರವರೆಗೆ ತೇವಾಂಶ ಒಪ್ಪುತ್ತಾರೆ. ಖಾಸಗಿಯವರಿಗೆ ಮಾರುವಾಗ ಒಣಗಿಸಿದರೆ ಲಾಭವೋ ಅಲ್ಲವೋ ಎಂಬುದನ್ನು ಲೆಕ್ಕದಿಂದಲೇ ನಿರ್ಧರಿಸಬೇಕು. ಶೇ 20 ತೇವಾಂಶವಿರುವ ಒಂದು ಕ್ವಿಂಟಲ್‌ನಲ್ಲಿ ಒಣ ಕಾಳಿನ ಅಂಶ 80 ಕಿಲೋ. ಅದನ್ನು ಶೇ 14ಕ್ಕೆ ಒಣಗಿಸಿದರೆ 80ನ್ನು 0.86ರಿಂದ ಭಾಗಿಸಬೇಕು, ತೂಕ 93 ಕಿಲೋಗೆ ಇಳಿಯುತ್ತದೆ. ಹಸಿ ಕಾಳಿಗೆ 1,700, ಒಣ ಕಾಳಿಗೆ 1,850 ಕೊಡುತ್ತೇನೆಂದು ವ್ಯಾಪಾರಿ ಹೇಳಿದರೆ 150 ಹೆಚ್ಚು ಸಿಕ್ಕಂತೆ ಕಾಣುತ್ತದೆ. ಆದರೆ 93 ಕಿಲೋಗೆ 1,850ರಂತೆ ಕೈಗೆ ಬರುವುದು ಸುಮಾರು 1,720 ರೂಪಾಯಿ. ನಿಜವಾದ ಲಾಭ 20 ರೂಪಾಯಿ, ಅದರಲ್ಲಿ ಹರಡುವ, ತಿರುವುವ, ಸಂಜೆ ಮುಚ್ಚುವ ಕೂಲಿ ಕಳೆಯಬೇಕು. ಈ ವ್ಯತ್ಯಾಸಕ್ಕಾಗಿ ಒಣಗಿಸುವುದು ವ್ಯರ್ಥ. ಆದರೆ ಕಾಳನ್ನು ಇಟ್ಟು ಮಾರುವುದಾದರೆ, ಇಲ್ಲವೇ ಖರೀದಿ ಕೇಂದ್ರಕ್ಕೆ ಕೊಡುವುದಾದರೆ ಒಣಗಿಸದೆ ದಾರಿಯಿಲ್ಲ, ಏಕೆಂದರೆ ಹಸಿ ಮೆಕ್ಕೆಜೋಳಕ್ಕೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಕಾಳನ್ನು ಕೋಳಿ ಆಹಾರದವರು ಮುಟ್ಟುವುದಿಲ್ಲ.

ಮಾರುಕಟ್ಟೆಯ ದರಪಟ್ಟಿಯನ್ನು ಓದುವುದು

ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ರಾಜ್ಯದ ಮಾರುಕಟ್ಟೆಗಳ ದಿನದ ದರ, ಆವಕ (ಅಂದು ಬಂದ ಮಾಲಿನ ಪ್ರಮಾಣ) ಸಿಗುತ್ತದೆ. ಅಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ದರಗಳಿರುತ್ತವೆ. ಗರಿಷ್ಠ ದರ ಒಂದೇ ಒಂದು ಲಾಟಿಗೆ ಸಿಕ್ಕಿರಬಹುದು, ಅದನ್ನು ನಂಬಿ ಲಾರಿ ಹೂಡಬಾರದು. ಬಹುಪಾಲು ಮಾಲು ಹೋದದ್ದು ಮಾದರಿ ದರಕ್ಕೆ. ಒಂದು ದಿನದ ದರವನ್ನೂ ನಂಬಬಾರದು. ಎರಡು ವಾರ, ಮೂರು ಮಾರುಕಟ್ಟೆಗಳ ಮಾದರಿ ದರವನ್ನೂ ಆವಕವನ್ನೂ ಪುಸ್ತಕದಲ್ಲಿ ಬರೆದುಕೊಳ್ಳಿ. ಆವಕ ಏರುತ್ತಿದ್ದೂ ದರ ನಿಂತಿದ್ದರೆ ಕೊಳ್ಳುವವರಿಗೆ ಬೇಡಿಕೆಯಿದೆ ಎಂದರ್ಥ. ಆವಕ ಕಡಿಮೆಯಾಗುತ್ತಿದ್ದೂ ದರ ಇಳಿಯುತ್ತಿದ್ದರೆ ಕಾರಣ ಮಾರುಕಟ್ಟೆಯ ಹೊರಗೆಲ್ಲೋ ಇದೆ, ಅದನ್ನು ಹುಡುಕಬೇಕು.

ಮೆಕ್ಕೆಜೋಳಕ್ಕೆ ಆ ಕಾರಣ ಹೆಚ್ಚಾಗಿ ಮೂರು ಕಡೆ ಸಿಗುತ್ತದೆ: ಕೋಳಿ ಮತ್ತು ದನದ ಆಹಾರದ ಉದ್ಯಮ, ಪಿಷ್ಟದ ಕಾರ್ಖಾನೆ, ಎಥನಾಲ್. ಪೆಟ್ರೋಲಿಗೆ ಎಥನಾಲ್ ಬೆರೆಸುವ ಯೋಜನೆ ಬಲಗೊಂಡ ಮೇಲೆ ಮೆಕ್ಕೆಜೋಳಕ್ಕೆ ಹೊಸ ಗಿರಾಕಿ ಬಂದದ್ದು ನಿಜ. ಆದರೆ 2025ರ ಆರಂಭದಲ್ಲಿ ಭಾರತ ಆಹಾರ ನಿಗಮದ ಅಕ್ಕಿಯನ್ನು ಎಥನಾಲ್ ಘಟಕಗಳಿಗೆ ಕ್ವಿಂಟಲ್‌ಗೆ 2,250 ರೂಪಾಯಿಯಂತೆ ಕೊಡಲು ಕೇಂದ್ರ ನಿರ್ಧರಿಸಿತು. ಒಂದು ಟನ್ ಅಕ್ಕಿಯಿಂದ ಮೆಕ್ಕೆಜೋಳಕ್ಕಿಂತ ಹೆಚ್ಚು ಎಥನಾಲ್ ಬರುವುದರಿಂದ ಸರ್ಕಾರದ ಗೋದಾಮಿನ ಅಕ್ಕಿಯೇ ನಮ್ಮ ಕಾಳಿನ ಎದುರಾಳಿಯಾಯಿತು. ದಾವಣಗೆರೆಯ ದರಪಟ್ಟಿಯನ್ನು ಎಷ್ಟು ದಿಟ್ಟಿಸಿದರೂ ಇದು ಅದರಲ್ಲಿ ಕಾಣುವುದಿಲ್ಲ.

ದೂರದ ಮಾರುಕಟ್ಟೆಯಲ್ಲಿ 40 ರೂಪಾಯಿ ಹೆಚ್ಚಿದ್ದರೆ 60 ಕ್ವಿಂಟಲ್‌ಗೆ 2,400 ರೂಪಾಯಿ ಹೆಚ್ಚು ಸಿಗುತ್ತದೆ. ಹೆಚ್ಚುವರಿ ಲಾರಿ ಬಾಡಿಗೆ, ರಾತ್ರಿ ಉಳಿಯುವ ಖರ್ಚು, ಮರುದಿನಕ್ಕೆ ಟೆಂಡರ್ ಮುಂದೆ ಹೋದರೆ ಆಗುವ ನಷ್ಟ ಇದರೊಳಗೆ ಮುಗಿಯುವಂತಿದ್ದರೆ ಹೋಗಿ, ಇಲ್ಲದಿದ್ದರೆ ಬೇಡ.

ಕಾಯಬೇಕೇ, ಮಾರಬೇಕೇ

ಕಟಾವಿನ ಹೊತ್ತಿಗೆ ದರ ಬೀಳುತ್ತದೆ, ಆಮೇಲೆ ಏರುತ್ತದೆ ಎಂಬ ನಂಬಿಕೆ ಅನುಭವದಿಂದ ಬಂದದ್ದು, ಆದರೆ ಅದು ಪ್ರತಿ ವರ್ಷ ನಡೆಯುವುದಿಲ್ಲ. ಕೆಲವು ವರ್ಷಗಳ ಹಿಂದೆ ನಾನು 60 ಚೀಲ ಮೆಕ್ಕೆಜೋಳವನ್ನು ಮನೆಯ ಪಡಸಾಲೆಯಲ್ಲಿ ಒಟ್ಟಿ ಐದು ತಿಂಗಳು ಕಾದೆ. ದರ ಕ್ವಿಂಟಲ್‌ಗೆ 130 ರೂಪಾಯಿ ಏರಿತು. ಆದರೆ ಗೋಡೆಗೆ ತಾಗಿದ ಸಾಲಿನ ಚೀಲಗಳನ್ನು ಎತ್ತಿದಾಗ ಬುಡದಿಂದ ಹಿಟ್ಟು ಸುರಿಯಿತು. ಕಾಳಿನ ಹೊಟ್ಟೆಯನ್ನು ಹುಳ ಕೊರೆದು ಬರಿದುಮಾಡಿತ್ತು. ಅಂಥ ಚೀಲಗಳು ಕೊನೆಗೆ ದನದ ಪಾಲಾದವು. ಹುಳಕ್ಕಿಂತಲೂ ಹೆಚ್ಚು ತಿಂದದ್ದು ಬಿತ್ತನೆಗೆಂದು ತಂದಿದ್ದ, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿಯ ಕೈಸಾಲದ ಬಡ್ಡಿ ಎಂಬುದು ಲೆಕ್ಕ ಬರೆದು ನೋಡಿದಾಗ ತಿಳಿಯಿತು.

ಆ ಲೆಕ್ಕ ಹೀಗೆ. ಇಂದಿನ ದರ 1,800 ಎಂದಿಟ್ಟುಕೊಳ್ಳಿ. ನಾಲ್ಕು ತಿಂಗಳು ಕಾದರೆ ಕ್ವಿಂಟಲ್‌ಗೆ ಗೋದಾಮಿನ ಬಾಡಿಗೆ ತಿಂಗಳಿಗೆ 10ರಂತೆ 40 ರೂಪಾಯಿ, ತೂಕ ಇಳಿಯುವುದು ಮತ್ತು ಹುಳದ ಹಾನಿ ಶೇ 2 ಎಂದರೆ 36, ಇಳಿಸಿ ಏರಿಸುವ ಹಮಾಲಿ 30. ಬ್ಯಾಂಕಿನ ಬೆಳೆ ಸಾಲ ವರ್ಷಕ್ಕೆ ಶೇ 7ರಂತೆ ಇದ್ದರೆ ಬಡ್ಡಿ 42. ಒಟ್ಟು 148. ಮಾರ್ಚ್‌ನಲ್ಲಿ 1,948ಕ್ಕಿಂತ ಹೆಚ್ಚು ಸಿಕ್ಕರೆ ಮಾತ್ರ ಕಾದದ್ದಕ್ಕೆ ಫಲ. ಸಾಲ ನೂರಕ್ಕೆ ಎರಡರಂತೆ ಕೈಸಾಲವಾಗಿದ್ದರೆ ಬಡ್ಡಿಯೇ 144, ಒಟ್ಟು 250, ಆಗ 2,050 ದಾಟಬೇಕು. ಒಂದೇ ಊರಿನ, ಒಂದೇ ದಿನ ರಾಶಿ ಮಾಡಿದ ಇಬ್ಬರು ರೈತರಲ್ಲಿ ಒಬ್ಬನಿಗೆ ಕಾಯುವುದು ಸರಿ, ಇನ್ನೊಬ್ಬನಿಗೆ ತಪ್ಪು ಆಗುವುದು ಹೀಗೆ. ಪಕ್ಕದವನು ಮಾರಿದನೆಂದು ಮಾರುವುದೂ ಅವನು ಕಾದನೆಂದು ಕಾಯುವುದೂ ಲೆಕ್ಕವಲ್ಲ.

ಆದ್ದರಿಂದ ನನ್ನ ಸಲಹೆ ಮೂರು ಪಾಲಿನದು. ದುಬಾರಿ ಬಡ್ಡಿಯ ಸಾಲ ಮತ್ತು ಮನೆಯ ತುರ್ತಿಗೆ ಬೇಕಾದಷ್ಟನ್ನು ಕಟಾವಾದ ಕೂಡಲೇ, ದರ ಎಷ್ಟೇ ಇರಲಿ, ಮಾರಿಬಿಡಿ. ಎರಡನೆಯ ಪಾಲಿಗೆ ಒಂದು ದರವನ್ನು ಮೊದಲೇ ಬರೆದಿಟ್ಟು, ಆ ದರ ಬಂದ ದಿನ ಬಿಡಿ. ಇನ್ನೂ ಐವತ್ತು ಬರಲಿ ಎಂದು ನಿಲ್ಲಬೇಡಿ. ಮೂರನೆಯ ಪಾಲಿಗೆ ದರದ ಬದಲು ತಾರೀಖು ಗೊತ್ತುಮಾಡಿ. ಬಿಹಾರದ ಹಿಂಗಾರು ಮೆಕ್ಕೆಜೋಳ ಏಪ್ರಿಲ್, ಮೇ ತಿಂಗಳಲ್ಲಿ ದೇಶದ ಮಾರುಕಟ್ಟೆಗೆ ಬರುವುದರಿಂದ ಯುಗಾದಿಯ ಆಚೆಗೆ ಕಾಯುವುದನ್ನು ನಾನು ಒಪ್ಪುವುದಿಲ್ಲ. ರಾಗಿಯ ಮಾತು ಬೇರೆ. ಹಿರಿಯರು ಅದನ್ನು ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು, ಅದಕ್ಕೆ ಹುಳದ ಕಾಟ ಕಡಿಮೆ. ಕಾಯುವ ಶಕ್ತಿ ರಾಗಿಗೆ ಇದೆ, ಮೆಕ್ಕೆಜೋಳಕ್ಕೆ ಅಷ್ಟಿಲ್ಲ.

ಮಾರದೆ ಹಣ ಬೇಕೆಂದರೆ ಉಗ್ರಾಣ ರಸೀದಿಯ ಸಾಲವಿದೆ. ಉಗ್ರಾಣ ಅಭಿವೃದ್ಧಿ ಮತ್ತು ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಾಯಿತವಾದ ಗೋದಾಮಿನಲ್ಲಿ ಮಾಲಿಟ್ಟರೆ ಸಿಗುವ ಎಲೆಕ್ಟ್ರಾನಿಕ್ ರಸೀದಿಯನ್ನು ಬ್ಯಾಂಕಿನಲ್ಲಿ ಅಡವಿಡಬಹುದು. ಕಿಸಾನ್ ಕ್ರೆಡಿಟ್ ಕಾರ್ಡ್ ಹೊಂದಿರುವ ಸಣ್ಣ ಮತ್ತು ಅತಿಸಣ್ಣ ರೈತರಿಗೆ ಕಟಾವಿನ ನಂತರ ಆರು ತಿಂಗಳವರೆಗೆ ರಿಯಾಯಿತಿ ಬಡ್ಡಿಯ ಅವಕಾಶವೂ ಇದೆ. ಕೆಲವು ಮಾರುಕಟ್ಟೆ ಸಮಿತಿಗಳು ತಮ್ಮ ಗೋದಾಮಿನಲ್ಲಿಟ್ಟ ಮಾಲಿಗೆ ಅಡಮಾನ ಸಾಲ ಕೊಡುತ್ತವೆ. ಗೋದಾಮು ನೋಂದಾಯಿತವೇ ಎಂದು ಮಾಲು ಒಯ್ಯುವ ಮೊದಲೇ ಬ್ಯಾಂಕಿನಲ್ಲಿ ಕೇಳಿಕೊಳ್ಳಿ.

ಹಣದುಬ್ಬರದ ಸುದ್ದಿಯನ್ನು ದಾಸ್ತಾನು ಇಟ್ಟವನು ಓದಬೇಕಾದ ರೀತಿ

ಬಹಳ ಜನ ರೈತರು ಕಡೆಗಣಿಸುವ ಭಾಗ ಇದು. ಆಹಾರದ ಬೆಲೆ ಏರಿ ಹಣದುಬ್ಬರ ಶೇ 6ರ ಮೇಲೆ ಹೋದರೆ ಸರ್ಕಾರ ಸುಮ್ಮನಿರುವುದಿಲ್ಲ. ರಿಸರ್ವ್ ಬ್ಯಾಂಕಿಗೆ ಕೊಟ್ಟ ಗುರಿಯೇ ಶೇ 4, ಮೇಲೆ ಕೆಳಗೆ ಶೇ 2ರಷ್ಟು ಮಾತ್ರ ಸಡಿಲ. ಬ್ಯಾಂಕು ಬಡ್ಡಿ ಏರಿಸುತ್ತದೆ, ಸರ್ಕಾರ ರಫ್ತು ನಿಲ್ಲಿಸುತ್ತದೆ, ಆಮದು ಸುಂಕ ತೆಗೆಯುತ್ತದೆ, ದಾಸ್ತಾನಿಗೆ ಮಿತಿ ಹಾಕುತ್ತದೆ. ಈ ಕ್ರಮ ಎಷ್ಟು ಬೇಗ ಬರುತ್ತದೆ ಎಂಬುದಕ್ಕೆ 2022ರ ಮೇ ತಿಂಗಳನ್ನು ನೆನೆಯಿರಿ. ಏಪ್ರಿಲ್ ತಿಂಗಳ ಹಣದುಬ್ಬರ ಶೇ 7.79 ಎಂದು ಮೇ 12ರಂದು ಪ್ರಕಟವಾಯಿತು, ಗೋಧಿ ರಫ್ತಿಗೆ ನಿಷೇಧ ಮೇ 13ರ ತಾರೀಖಿನಲ್ಲಿ ಹೊರಬಿತ್ತು. ಹಣದುಬ್ಬರ ಶೇ 7.44 ಮುಟ್ಟಿದ 2023ರ ಜುಲೈ ತಿಂಗಳಲ್ಲೇ, 20ರಂದು, ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಂತಿತು. ಅದನ್ನು ತೆರೆದದ್ದು 2024ರ ಸೆಪ್ಟೆಂಬರ್ ಕೊನೆಗೆ. ತೊಗರಿ ಮತ್ತು ಕಡಲೆಗೆ 2024ರ ಜೂನ್ 21ರಿಂದ ದಾಸ್ತಾನು ಮಿತಿ ಬಂದಿತು, ತೊಗರಿಯ ಸುಂಕವಿಲ್ಲದ ಆಮದನ್ನು 2026ರ ಮಾರ್ಚ್‌ವರೆಗೆ ವಿಸ್ತರಿಸಲಾಯಿತು.

ದಾಸ್ತಾನು ಮಿತಿ ಅನ್ವಯಿಸುವುದು ವ್ಯಾಪಾರಿಗೆ, ರೈತನಿಗಲ್ಲ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಮಿತಿ ಬಿದ್ದ ದಿನ ವ್ಯಾಪಾರಿ ಕೊಳ್ಳುವುದನ್ನು ನಿಲ್ಲಿಸುತ್ತಾನೆ, ಕೈಯಲ್ಲಿದ್ದದ್ದನ್ನು ಹೊರಗೆ ಬಿಡುತ್ತಾನೆ, ಹೊಡೆತ ಬೀಳುವುದು ನಮ್ಮ ಚೀಲದ ಮೇಲೆಯೇ. ಆದ್ದರಿಂದ ಬೇಳೆಯ ಬೆಲೆ ಪಟ್ಟಣದಲ್ಲಿ ಗಲಾಟೆಯಾಗುವ ಮಟ್ಟಕ್ಕೆ ಏರಿದ್ದರೆ, ತೊಗರಿ ಇಟ್ಟುಕೊಂಡವರಿಗೆ ಅದು ಇನ್ನೂ ಕಾಯುವ ಸಂಕೇತವಲ್ಲ, ಬಿಡುವ ಸಂಕೇತ. ಹಣದುಬ್ಬರ ಶೇ 2ಕ್ಕಿಂತ ಕೆಳಗಿದ್ದರೆ ಸರ್ಕಾರಕ್ಕೆ ಅಂಥ ಅವಸರವಿರುವುದಿಲ್ಲ. ಹಳದಿ ಬಟಾಣಿಗೆ 2023ರ ಡಿಸೆಂಬರ್‌ನಲ್ಲಿ ತೆಗೆದಿದ್ದ ಸುಂಕ 2025ರ ನವೆಂಬರ್ 1ರಿಂದ ಶೇ 30ರಂತೆ ಮರಳಿ ಬಂದದ್ದು ಬೇಳೆಯ ಬೆಲೆ ಇಳಿದು ನಿಂತ ಮೇಲೆಯೇ.

ಬೆಂಬಲ ಬೆಲೆಗೆ ಕೊಡುವುದಾದರೆ

ಬೆಂಬಲ ಬೆಲೆ ಘೋಷಣೆಯಾಯಿತು ಎಂದರೆ ಖರೀದಿ ಶುರುವಾಯಿತು ಎಂದಲ್ಲ. 2025-26ಕ್ಕೆ ರಾಗಿಗೆ 4,886, ತೊಗರಿಗೆ 8,000, ಸಾಮಾನ್ಯ ಭತ್ತಕ್ಕೆ 2,369, ಹೈಬ್ರಿಡ್ ಜೋಳಕ್ಕೆ 3,699 ರೂಪಾಯಿ ಎಂದು ನಿಗದಿಯಾಗಿದ್ದರೂ, ಕೇಂದ್ರ ತೆರೆಯುವ ದಿನ, ಒಬ್ಬ ರೈತನಿಂದ ಕೊಳ್ಳುವ ಮಿತಿ, ನೋಂದಣಿಯ ಕೊನೆಯ ದಿನ ಎಲ್ಲವೂ ಬೇರೆ ಆದೇಶದಲ್ಲಿ ಬರುತ್ತವೆ. ಆ ದಿನ ಓಡಾಡುವ ಬದಲು ಮುಂಗಾರಿನಲ್ಲೇ ಎರಡು ಕೆಲಸ ಮುಗಿಸಿಡಿ. ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದ ಗುರುತಿನ ಸಂಖ್ಯೆಯಲ್ಲಿ ನಿಮ್ಮ ಎಲ್ಲ ಸರ್ವೆ ನಂಬರುಗಳೂ ಸೇರಿವೆಯೇ ನೋಡಿ. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಹೊಲಕ್ಕೆ ಬಿತ್ತಿದ ಬೆಳೆಯೇ ದಾಖಲಾಗಿದೆಯೇ ಪರೀಕ್ಷಿಸಿ. ಮೆಕ್ಕೆಜೋಳ ಬಿತ್ತಿದ ಹೊಲ ಪಹಣಿಯಲ್ಲಿ ಹತ್ತಿಯೆಂದು ಕಂಡರೆ ಖರೀದಿ ಕೇಂದ್ರದ ಬಾಗಿಲಿನಿಂದಲೇ ಹಿಂದಿರುಗಬೇಕಾಗುತ್ತದೆ. ಖರೀದಿ ಕೇಂದ್ರದ ಹಣ ಖಾತೆಗೆ ಬರಲು ವಾರಗಳು ಹಿಡಿಯಬಹುದು, ಆದ್ದರಿಂದ ತುರ್ತಿನ ಪಾಲನ್ನು ಇದಕ್ಕೆ ಇಡಬಾರದು.

ಮಾರುವ ದಿನ

ಮಾರುಕಟ್ಟೆಯ ಆನ್‌ಲೈನ್ ಟೆಂಡರಿನಲ್ಲಿ ನಿಮ್ಮ ಲಾಟಿಗೆ ಬಂದ ದರ ಒಪ್ಪಿಗೆಯಾಗದಿದ್ದರೆ ಮಾರಾಟವನ್ನು ತಿರಸ್ಕರಿಸುವ ಹಕ್ಕು ನಿಮಗಿದೆ. ಮಾರುಕಟ್ಟೆ ಶುಲ್ಕವೂ ದಲಾಲಿಯೂ ಕೊಳ್ಳುವವನು ಕೊಡಬೇಕಾದವು, ರೈತನ ಹಣದಿಂದ ಕಡಿಯುವಂತಿಲ್ಲ. ಆದರೂ ಅಧಿಕೃತ ಬಿಲ್ಲಿನ ಬದಲು ಬಿಳಿ ಚೀಟಿ ಕೊಡುವ ವ್ಯವಹಾರ ನಿಂತಿಲ್ಲ. ಒಮ್ಮೆ ನನ್ನ ಮಾಲಿಗೂ ಬಿಳಿ ಚೀಟಿಯೇ ಸಿಕ್ಕಿತು. ಅದರಲ್ಲಿ ಚೀಲಕ್ಕೆ ಒಂದು ಕಿಲೋ ಸೂಟು (ತೂಕದಲ್ಲಿ ಮಾಡುವ ಕಡಿತ), ಮೇಲೆ ದಲಾಲಿ, ಅದರ ಮೇಲೆ ಏನೆಂದು ಗೊತ್ತಿಲ್ಲದ "ಇತರೆ" ಎಂದು ಕಡಿದಿದ್ದರು. ದೂರು ಕೊಡಲು ಹೋದಾಗ ಅಧಿಕೃತ ಬಿಲ್ಲು ಕೇಳಿದರು, ನನ್ನ ಬಳಿ ಇರಲಿಲ್ಲ. 60 ಚೀಲಕ್ಕೆ ಚೀಲಕ್ಕೊಂದು ಕಿಲೋ ಎಂದರೆ 60 ಕಿಲೋ ಕಾಳು, 1,800ರ ದರದಲ್ಲಿ 1,080 ರೂಪಾಯಿ. ಹೊರಡುವ ಮೊದಲು ಊರಿನ ಹತ್ತಿರದ ವೇಬ್ರಿಡ್ಜ್‌ನಲ್ಲಿ ತೂಗಿಸಿ ಚೀಟಿ ಇಟ್ಟುಕೊಳ್ಳಿ, ಮಾರುಕಟ್ಟೆಯಲ್ಲಿ ಅಧಿಕೃತ ಬಿಲ್ಲು ಪಡೆಯದೆ ಕಟ್ಟೆ ಇಳಿಯಬೇಡಿ. ಹಣವನ್ನು ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ.

ಮುಂದಿನ ಬಿತ್ತನೆಗೆ ಮುನ್ನ

ಕಳೆದ ವರ್ಷದ ದರ ನೋಡಿ ಬೆಳೆ ಆರಿಸುವುದು ಎಂಥ ತಪ್ಪು ಎಂಬುದಕ್ಕೆ ಕಲಬುರಗಿಯ ತೊಗರಿಗಿಂತ ದೊಡ್ಡ ಸಾಕ್ಷಿ ಬೇಡ. 2015ರಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಮರುವರ್ಷ ದೇಶದ ತೊಗರಿ ಉತ್ಪಾದನೆ ಸುಮಾರು 25.6 ಲಕ್ಷ ಟನ್‌ನಿಂದ 48.7 ಲಕ್ಷ ಟನ್‌ಗೆ ಏರಿತು. ಬೋನಸ್ ಸೇರಿ 5,050 ರೂಪಾಯಿ ಬೆಂಬಲ ಬೆಲೆ ಇದ್ದರೂ ಮಾರುಕಟ್ಟೆಯ ದರ ಅದಕ್ಕಿಂತ ಕೆಳಗೆ ಕುಸಿಯಿತು. ಎಲ್ಲ ಹೊಲವನ್ನೂ ಒಂದೇ ಬೆಳೆಗೆ ಕೊಡುವ ಬದಲು ಮೆಕ್ಕೆಜೋಳದ ನಡುವೆ ತೊಗರಿಯ ಅಕ್ಕಡಿ ಸಾಲು ಹಾಕುವ ಹಳೆಯ ಪದ್ಧತಿ ದರದ ಏರುಪೇರಿಗೂ ತಕ್ಕ ಉತ್ತರ, ಏಕೆಂದರೆ ಎರಡರ ಕಟಾವು, ಗಿರಾಕಿ, ಸರ್ಕಾರದ ನೀತಿ ಮೂರೂ ಬೇರೆ ಬೇರೆ.

ಮಾರಿ ಬಂದ ದಿನ ಪುಸ್ತಕದ ಕೊನೆಯ ಸಾಲನ್ನು ಬರೆಯಿರಿ: ತಾರೀಖು, ಮಾರುಕಟ್ಟೆ, ತೇವಾಂಶ, ತೂಕ, ದರ, ಕಡಿತ, ಕೈಗೆ ಬಂದದ್ದು, ಕ್ವಿಂಟಲ್‌ಗೆ ಬಿದ್ದ ಮೂರು ಖರ್ಚುಗಳು, ಆ ತಿಂಗಳ ಸೂಚ್ಯಂಕ. ಬೀಜದ ಅಂಗಡಿಗೆ ಮುಂದಿನ ಬಾರಿ ಹೋಗುವಾಗ ಆ ಪುಟವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ.